ಅಡ್ಡಿ ಇದ್ದರೆ ಈಗಲೇ ಹೇಳಿ

ಮೂವತ್ತೆಂಟಕ್ಕೇ ನಿವೃತ್ತಳಾದೆ ಎಂದರೆ ಕೋಥರೂಡಿನ ನಮ್ಮ ಸೊಸೈಟಿಯ ಹೆಂಗಸರು ನಗುತ್ತಾರೆ. ಆದರೆ ನಿಜ. ಗಂಟೆಯ ಹಗ್ಗ ಎಳೆದೆಳೆದು ಬಲಭುಜ ಸವೆದಿದೆ, ಇನ್ನೂ ಎಳೆದರೆ ತಲೆ ಬಾಚಿಕೊಳ್ಳಲೂ ಕೈ ಮೇಲೇಳುವುದಿಲ್ಲ ಎಂದು ಡಾಕ್ಟರು ಹೇಳಿದರು. ಗಂಟೆ ಹೊಡೆಯಲಾಗದ ವರ್ಜರನ್ನು ಇಟ್ಟುಕೊಂಡು ಚರ್ಚಾದರೂ ಏನು ಮಾಡೀತು? ಕೋಲು ಒಪ್ಪಿಸಿ ಬಂದೆ. ಈಗ ಭಾನುವಾರ ಎಲ್ಲರ ಹಾಗೆ ಬೆಂಚಿನಲ್ಲಿ ಕೂರುತ್ತೇನೆ. ಹೊಸ ವರ್ಜರ್ ಮೇಣದಬತ್ತಿ ಹಚ್ಚಲು ಒದ್ದಾಡುವಾಗ ಮಾತ್ರ ಕಾಲು ತಾನಾಗಿ ಏಳಲು ನೋಡುತ್ತದೆ.

ಈ ಕೆಲಸಕ್ಕೆ ಬರಬೇಕೆಂದಿರುವ ಹುಡುಗ ಹುಡುಗಿಯರು ಆಗಾಗ ಕೇಳುತ್ತಾರೆ: ಅಕ್ಕಾ, ವರ್ಜರ್ ಅಂದರೆ ನಿಜವಾಗಿ ಏನು ಮಾಡಬೇಕು? ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪುಣೆಯ ದಂಡುಪ್ರದೇಶ ಕ್ಯಾಂಪಿನ ನಮ್ಮ ಕಲ್ಲಿನ ಚರ್ಚು ಬ್ರಿಟಿಷರ ಕಾಲದ್ದು, ಆಂಗ್ಲಿಕನ್ ಪದ್ಧತಿಯದು. ಅಲ್ಲಿ ಆರಾಧನೆಗೆ ಬೇಕಾದ್ದನ್ನೆಲ್ಲ ಅಣಿಗೊಳಿಸುವವರು ವರ್ಜರ್. ಗಂಟೆ ಹೊಡೆಯಬೇಕು, ಹಾಡಿನ ನಂಬರುಗಳನ್ನು ಹಲಗೆಗೆ ಸಿಕ್ಕಿಸಬೇಕು, ಕಾಲಕ್ಕೆ ತಕ್ಕ ಬಣ್ಣದ ಹೊದಿಕೆ ಹಾಸಬೇಕು, ರೊಟ್ಟಿ ದ್ರಾಕ್ಷಾರಸ ಇಡಬೇಕು, ಕೊನೆಗೆ ಕೋಲು ಹಿಡಿದು ಪಾದ್ರಿಗಳ ಮುಂದೆ ನಡೆಯಬೇಕು. ಬಡ್ತಿಯ ವಿಷಯ ಬರೆಯುವುದಿಲ್ಲ. ವರ್ಜರ್‌ಗೆ ಬಡ್ತಿ ಎಂದರೆ ಅದೇ ಕೋಲಿಗೆ ಹೊಸ ಪಾಲಿಶ್, ಅಷ್ಟೆ.

ನಾನು ಮೊದಲಿನಿಂದಲೂ ದಿನಚರಿ ಬರೆಯುವವಳು. ಯಾವ ಭಾನುವಾರ ಎಷ್ಟು ಜನ ಬಂದರು, ಯಾರ ಉಪದೇಶ ಎಷ್ಟು ನಿಮಿಷ ಹಿಡಿಯಿತು, ಎಷ್ಟು ಜನ ನಿದ್ದೆ ಮಾಡಿದರು, ಎಲ್ಲಕ್ಕೂ ಗೆರೆ ಎಳೆದಿಟ್ಟಿದ್ದೇನೆ. ಅದನ್ನೆಲ್ಲ ಇಲ್ಲಿ ಸುರಿದರೆ ನೀವೂ ಆ ಮೂರನೆಯ ಪಟ್ಟಿಗೆ ಸೇರುತ್ತೀರಿ. ಆದ್ದರಿಂದ ನೆನಪಿನಲ್ಲಿ ಉಳಿದದ್ದಷ್ಟನ್ನೇ ಹೇಳುತ್ತೇನೆ. ಅದರಲ್ಲೂ ಹೆಚ್ಚಿನ ಜಾಗ ಒಂದು ಮದುವೆಗೆ. ಆ ಮದುವೆ ಆಗುತ್ತದೋ ಇಲ್ಲವೋ ಎಂದು ಒಂದು ವಾರ ಇಡೀ ಚರ್ಚು ಉಸಿರು ಬಿಗಿ ಹಿಡಿದಿತ್ತು.

ಅದಕ್ಕೆ ಮೊದಲು ನನ್ನ ಮೇಲಿನವರಿಬ್ಬರನ್ನು ಪರಿಚಯಿಸಬೇಕು. ಪಾದ್ರಿಗಳು ಸಾಳ್ವೆ ಸಾಹೇಬರು, ಮರಾಠಿಯವರು, ಮೃದು ಸ್ವಭಾವ. ಜಗಳದ ವಾಸನೆ ಬಂದರೆ ಅವರಿಗೆ ಕೂಡಲೇ ಚಹಾ ನೆನಪಾಗುತ್ತದೆ. ಚರ್ಚಿನ ವಾರ್ಡನ್, ಎಂದರೆ ಸಭೆಯ ಪರವಾಗಿ ಎಲ್ಲವನ್ನೂ ನೋಡಿಕೊಳ್ಳುವವರು, ಡೆಸ್ಮಂಡ್ ಸಾಹೇಬರು. ರೈಲ್ವೆಯಲ್ಲಿದ್ದವರು, ಆಂಗ್ಲೋ ಇಂಡಿಯನ್, ಎಂಬತ್ತರ ಹತ್ತಿರ ವಯಸ್ಸು. ಹಳೆಯ ಪ್ರಾರ್ಥನಾ ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಎಲ್ಲವೂ ನಡೆಯಬೇಕು ಎನ್ನುವವರು. ಪಾದ್ರಿಗಳು ನನ್ನೊಂದಿಗೆ ಆಡುತ್ತಿದ್ದುದು ಮರಾಠಿ, ಡೆಸ್ಮಂಡ್ ಸಾಹೇಬರದು ಇಂಗ್ಲಿಷ್, ಸಿಟ್ಟು ಬಂದರೆ ಕ್ಯಾಂಪಿನ ಹಿಂದಿ. ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಸೇರಿದ ಮೊದಲ ತಿಂಗಳಲ್ಲೇ ಡೆಸ್ಮಂಡ್ ಸಾಹೇಬರ ಕೈಗೆ ಸಿಕ್ಕಿಬಿದ್ದೆ. ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಪೂರ್ತಿ ಹಳೆಯ ಪದ್ಧತಿ. ಆ ದಿನ ಪಾದ್ರಿಗಳು ರೊಟ್ಟಿ ದ್ರಾಕ್ಷಾರಸ ಇಡುವ ಕರ್ತನ ಮೇಜಿನ ಮುಂದೆ ಜನರಿಗೆ ಬೆನ್ನು ತಿರುಗಿಸಿ ನಿಲ್ಲುವಂತಿಲ್ಲ, ಮೇಜಿನ ಉತ್ತರದ ತುದಿಯಲ್ಲಿ ನಿಲ್ಲಬೇಕು. ಮತಸುಧಾರಣೆಯ ಕಾಲದಲ್ಲಿ ಬಂದ ಕ್ರಮ ಇದು. ಪಾದ್ರಿ ಏನು ಮಾಡುತ್ತಾರೆ ಎನ್ನುವುದು ಜನರಿಗೆ ಕಾಣಬೇಕು, ಅವರ ಎರಡು ಕೈಗಳೂ ಕಾಣಬೇಕು, ಗುಟ್ಟೇನೂ ಇರಬಾರದು ಎಂದು. “ಪುಸ್ತಕ ಉತ್ತರಕ್ಕಿರಲಿ” ಎಂದರು ಸಾಹೇಬರು. ನಾನು ಲೆಕ್ಕದವಳು. ಮೊಬೈಲಿನ ದಿಕ್ಸೂಚಿ ತೆರೆದು, ಮೇಜಿನ ಮಧ್ಯದಲ್ಲಿಟ್ಟು, ಸೂಜಿ ತೋರಿದ ತುದಿಗೆ ದಿಂಬು ಹಾಕಿ ಪುಸ್ತಕ ಇಟ್ಟೆ. ಆರಾಧನೆ ಶುರುವಾಯಿತು. ಪಾದ್ರಿಗಳು ಬಂದು ಎಡತುದಿಯಲ್ಲಿ ನಿಂತರು. ಪುಸ್ತಕ ಬಲತುದಿಯಲ್ಲಿ. ಅವರು ನನ್ನನ್ನು ನೋಡಿದರು, ನಾನು ಮೊಬೈಲನ್ನು ನೋಡಿದೆ. ಆಮೇಲೆ ಸಾಹೇಬರು ಹಿಂದಿಯಲ್ಲಿ ಹೇಳಿದರು:

“ಹುಡುಗೀ, ಈ ಚರ್ಚು ಕಟ್ಟಿದವನು ರಸ್ತೆ ಎಲ್ಲಿದೆಯೋ ಅಲ್ಲಿಗೆ ಬಾಗಿಲು ಇಟ್ಟ. ಮೇಜು ಪಶ್ಚಿಮಕ್ಕೆ ಹೋಯಿತು. ಆದರೂ ಒಳಗೆ ಬಂದ ಮೇಲೆ ಮೇಜಿನ ಗೋಡೆಯೇ ಪೂರ್ವ. ಸೂರ್ಯ ಎಲ್ಲಿ ಬೇಕಾದರೂ ಹುಟ್ಟಲಿ.”

“ಹಾಗಾದರೆ ಸೂಜಿ ತಪ್ಪೇ?”

“ಸೂಜಿ ಸರಿ. ಅದು ಆಂಗ್ಲಿಕನ್ ಅಲ್ಲ, ಅಷ್ಟೆ.”

ಹೊಸಬರೇ, ಇದನ್ನು ಮೊದಲು ಕಲಿಯಿರಿ.

ಎರಡನೆಯ ಪಾಠ ರೊಟ್ಟಿಯ ಲೆಕ್ಕ. ಕರ್ತನ ಭೋಜನಕ್ಕೆ ಎಷ್ಟು ಜನ ಬರುತ್ತಾರೆಂದು ವರ್ಜರ್ ತಲೆ ಎಣಿಸಿ ಅಷ್ಟು ಬಿಲ್ಲೆ ರೊಟ್ಟಿ ಇಡಬೇಕು. ಪ್ರಾರ್ಥನೆಯಾದ ಮೇಲೆ ಉಳಿದ ರೊಟ್ಟಿ, ರಸ ಚರ್ಚಿನಿಂದ ಹೊರಗೆ ಹೋಗುವಂತಿಲ್ಲ, ಅಲ್ಲೇ ಭಕ್ತಿಯಿಂದ ಮುಗಿಸಬೇಕು. ಒಂದು ಈಸ್ಟರ್‌ಗೆ ಹಿಂದಿನ ಬೆಂಚುಗಳು ತುಂಬಿದ್ದವು. ಖುಷಿಯಾಗಿ ಎಲ್ಲ ತಲೆಗಳನ್ನೂ ಎಣಿಸಿ ಇಟ್ಟೆ. ರೊಟ್ಟಿಯ ಮೇಲಿನ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅರ್ಧ ತಲೆಗಳು ಎದ್ದು, ಬೆನ್ನಿಗೆ ಚೀಲ ಹಾಕಿಕೊಂಡು, ಬಣ್ಣದ ಗಾಜಿನ ಕಿಟಕಿಯ ಫೋಟೊ ತೆಗೆದು ಹೊರಟುಬಿಟ್ಟವು. ಹಳೆಯ ಕಟ್ಟಡಗಳನ್ನು ನೋಡಲು ಬಂದ ಗುಂಪು ಅದು.

ಆರಾಧನೆಯ ನಂತರ ಪಾದ್ರಿಗಳು, ಸಾಹೇಬರು, ನಾನು ಮೂವರೂ ತಟ್ಟೆಯ ಸುತ್ತ ನಿಂತು ತಿಂದೆವು, ತಿಂದೆವು, ತಟ್ಟೆ ಖಾಲಿಯಾಗಲೊಲ್ಲದು. ಬೇರೆ ಸಭಿಕರನ್ನು ಕರೆಯಬಹುದು ಎಂದು ನಿಯಮವಿದೆ. ಪಾದ್ರಿಗಳು ಹಿಂದಿನ ಬೆಂಚಿನ ಕಡೆ ಕೈ ಮಾಡಿದರು. ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ನೆಲೆಸಿದ ಕೆಲವು ಕ್ರೈಸ್ತ ಮನೆಗಳವರು ಯಾವಾಗಲೂ ಅಲ್ಲೇ ಕೂರುವುದು. ಅಲ್ಲಿಂದ ಮಾರ್ಥವ್ವ ಎದ್ದು ಬಂದಳು. ಎಪ್ಪತ್ತು ದಾಟಿದ ಮುದುಕಿ, ಇಟ್ಟಿಗೆ ಹೊತ್ತು ಗಟ್ಟಿಯಾದ ಕುತ್ತಿಗೆ. ಸೆರಗು ತಲೆ ಮೇಲೆ ಎಳೆದುಕೊಂಡು, ಮೊಣಕಾಲೂರಿ, ಒಂದೊಂದೇ ಬಿಲ್ಲೆಯನ್ನು ಕಣ್ಣು ಮುಚ್ಚಿ ತಿಂದಳು. ಎದ್ದ ಮೇಲೆ ನನ್ನ ಕಿವಿಯಲ್ಲಿ ಕೇಳಿದಳು:

“ಯವ್ವಾ, ಇಷ್ಟು ತೆಳ್ಳಗ ಯಾರ ತಟ್ಟತಾರ? ಅಕಿನ್ನ ನನ್ನ ಬಲ್ಲಿ ಕಳಸು, ಎರಡು ದಿನದಾಗ ರೊಟ್ಟಿ ಬಡಿಯೋದು ಕಲಸ್ತೀನಿ.”

ಅಂದಿನಿಂದ ನಾವಿಬ್ಬರೂ ಗೆಳತಿಯರು. ಇವಳ ಬಗ್ಗೆ ನನಗೆ ಆಶ್ಚರ್ಯವೆನಿಸಿದ್ದು ಒಂದೇ. ಇಂಗ್ಲಿಷಿನ ಒಂದಕ್ಷರ ಬಾರದು. ಆದರೆ ಎಲ್ಲಿ ಏಳಬೇಕು, ಎಲ್ಲಿ ಮೊಣಕಾಲೂರಬೇಕು, ಎಲ್ಲಿ ಆಮೆನ್ ಅನ್ನಬೇಕು, ಒಂದು ಸಲವೂ ತಪ್ಪುತ್ತಿರಲಿಲ್ಲ. ಊರಲ್ಲಿ ಇದೇ ಕ್ರಮವನ್ನು ಕನ್ನಡದಲ್ಲಿ ಕೇಳಿ ಬೆಳೆದವಳು. ಇಂಗ್ಲಿಷ್ ನಡೆಯುತ್ತಿರುವಾಗ ಅವಳ ತುಟಿಯಲ್ಲಿ ಕನ್ನಡ ನಡೆಯುತ್ತಿತ್ತು. ಎರಡೂ ಆಮೆನ್‌ನಲ್ಲಿ ಭೇಟಿಯಾಗುತ್ತಿದ್ದವು.

ನನ್ನ ಕಾಲದಲ್ಲಿ ಬಂದ ಬದಲಾವಣೆಗಳಲ್ಲಿ ದೊಡ್ಡದು ಪರದೆ. ಮೇಜಿನ ಹಿಂದಿನ ಗೋಡೆಯ ಮೇಲೆ ಹತ್ತು ಆಜ್ಞೆಗಳನ್ನು ಬರೆದ ದೊಡ್ಡ ಹಲಗೆಗಳಿವೆ. ಚಿತ್ರ ಬೇಡ, ಜನ ಓದುವಂತೆ ಮಾತಿರಲಿ ಎಂದು ಹಿಂದಿನವರು ಹಾಕಿಸಿದ್ದು. ಯುವಕರ ಸಂಘದವರು ಅದರ ಮುಂದೆಯೇ ಪರದೆ ಇಳಿಬಿಟ್ಟು ಹಾಡಿನ ಸಾಲುಗಳನ್ನು ಪ್ರೊಜೆಕ್ಟರಿನಲ್ಲಿ ಹಾಕತೊಡಗಿದರು. ಡೆಸ್ಮಂಡ್ ಸಾಹೇಬರು ಎರಡು ತಿಂಗಳು ಆ ಕಡೆ ಕಣ್ಣೆತ್ತಲಿಲ್ಲ. ಒಂದು ಭಾನುವಾರ ಎಲ್ಲರೂ ನಿಂತು ವಿಶ್ವಾಸ ಪ್ರಮಾಣ ಹೇಳುತ್ತಿರುವಾಗ ಪರದೆಯ ಮೂಲೆಯಲ್ಲಿ ಯಾರದೋ ಮೊಬೈಲಿನ ಸಂದೇಶ ಮೂಡಿತು: ನಿಮ್ಮ ಬಿರಿಯಾನಿ ಹೊರಟಿದೆ. ಸಾಹೇಬರು ಆಗ ಮಾತ್ರ ತಲೆಯೆತ್ತಿ ನೋಡಿದರು. ಒಂದು ಮಾತೂ ಆಡಲಿಲ್ಲ. ಮರುವಾರ ಪರದೆ ಪಕ್ಕದ ಗೋಡೆಗೆ ಹೋಯಿತು. ಗೆದ್ದವರು ಹೀಗೆ ಸುಮ್ಮನಿರುವುದನ್ನು ನಾನು ಅವರಿಂದ ಕಲಿಯಬೇಕಿತ್ತು, ಕಲಿಯಲಿಲ್ಲ.

ಇನ್ನು ಮದುವೆಯ ವಿಷಯ.

ಮಾರ್ಥವ್ವನ ಮೊಮ್ಮಗಳು ಎಸ್ತೇರ್ ಸಿಟಿ ಬಸ್ಸಿನ ಕಂಡಕ್ಟರ್. ಅಪ್ಪ ಭೋರ್ ಕಡೆ ಸೈಟುಗಳಲ್ಲಿ ಮೇಸ್ತ್ರಿ, ತಿಂಗಳಿಗೊಮ್ಮೆ ಮನೆಗೆ ಬರುವವನು. ತಾಯಿಯಿಲ್ಲದ ಹುಡುಗಿಯನ್ನು ಸಾಕಿದ್ದು ಅಜ್ಜಿಯೇ. ಅವಳಿಗೆ ಮೂರು ಗಂಟೆ ದಾರಿಯ ಇಂದಾಪುರದಿಂದ ಸಂಬಂಧ ಬಂತು. ಹುಡುಗ ಸಾಮುವೇಲ, ಅಲ್ಲಿನ ಸರ್ಕಾರಿ ಎಸ್‌ಟಿ ಬಸ್ಸುಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್. ಅವರೂ ಕಲಬುರಗಿ ಮೂಲದವರೇ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದರು. ನಿಶ್ಚಯದ ದಿನ ಹುಡುಗನ ತಂದೆ ದೇವಪುತ್ರಪ್ಪನವರು ಒಂದು ಮಾತು ಹಾಕಿದರು: ಮದುವೆಯಾದ ಮೇಲೆ ಹುಡುಗಿ ಕೆಲಸ ಬಿಟ್ಟು ಇಂದಾಪುರಕ್ಕೆ ಬರಬೇಕು. ಮೇಸ್ತ್ರಿ ಹೂಂ ಎಂದ. ಎಸ್ತೇರಳನ್ನು ಯಾರೂ ಕೇಳಲಿಲ್ಲ, ಅವಳೂ ಬಾಯಿ ಬಿಡಲಿಲ್ಲ.

ಹಳೆಯ ಪದ್ಧತಿಯಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಪ್ರಕಟಣೆ ಓದಬೇಕು. ಇಂಥವರಿಗೂ ಇಂಥವರಿಗೂ ಮದುವೆ ನಡೆಯಲಿದೆ, ನಡೆಯಬಾರದು ಎನ್ನಲು ಯಾರಿಗಾದರೂ ಕಾರಣ ತಿಳಿದಿದ್ದರೆ ಹೇಳಿ ಎಂದು ಕೇಳಬೇಕು. ಕೇಳಿ, ಒಂದು ಕ್ಷಣ ನಿಲ್ಲಬೇಕು. ನನ್ನ ಕಾಲದಲ್ಲಿ ಓದಿದ ಪ್ರಕಟಣೆಗಳಿಗೆಲ್ಲ ದಿನಚರಿಯಲ್ಲಿ ಗೆರೆ ಇದೆ. ಒಂದಕ್ಕೂ ಯಾರೂ ಉತ್ತರ ಕೊಟ್ಟಿರಲಿಲ್ಲ. ಆ ಒಂದು ಕ್ಷಣ ಕೆಮ್ಮಲಿಕ್ಕಾಗಿಯೇ ಇದೆ ಎಂದು ಎಲ್ಲರೂ ತಿಳಿದಿದ್ದರು.

ಎಸ್ತೇರಳ ಮೊದಲ ಪ್ರಕಟಣೆ ಬಂದದ್ದು ಅಕ್ಟೋಬರಿನ ಕೊನೆಯ ಭಾನುವಾರ. ಆ ದಿನ ನಮ್ಮಲ್ಲಿ ಮತಸುಧಾರಣೆಯ ನೆನಪಿನ ಆರಾಧನೆ. ಪ್ರತಿವರ್ಷದಂತೆ ಡೆಸ್ಮಂಡ್ ಸಾಹೇಬರು ಹತ್ತು ನಿಮಿಷ ಮಾತಾಡಿದರು. ಜನರಿಗೆ ತಿಳಿಯದ ಭಾಷೆಯಲ್ಲಿ ನಡೆಯುತ್ತಿದ್ದ ಆರಾಧನೆಯನ್ನು ಜನರ ಭಾಷೆಗೆ ತರಲು ಎಷ್ಟೋ ಮಂದಿ ಪ್ರಾಣ ಕೊಟ್ಟರು, ಆ ಸ್ವತ್ತನ್ನು ನಾವು ಕಾಪಾಡಬೇಕು ಎಂದು ಹೇಳಿದರು. ಮನಮುಟ್ಟುವಂತೆ ಹೇಳಿದರು, ಇಂಗ್ಲಿಷಿನಲ್ಲಿ. ಹಿಂದಿನ ಬೆಂಚಿನವರು ಗೌರವದಿಂದ ಕೂತು ಕೇಳಿದರು. ನಂತರ ಪಾದ್ರಿಗಳು ಪ್ರಕಟಣೆ ಓದಿದರು, ಅದೂ ಇಂಗ್ಲಿಷಿನಲ್ಲಿ.

ಆರಾಧನೆ ಮುಗಿದ ಮೇಲೆ ಮಾರ್ಥವ್ವ ನನ್ನ ತೋಳು ಹಿಡಿದಳು.

“ರೂತವ್ವ, ನನ್ನ ಮೊಮ್ಮಗಳ ಹೆಸರು ತಗೊಂಡು ಅಯ್ಯನೋರು ಏನಂದ್ರು?”

ಹೇಳಿದೆ.

“ಹಂಗಂದ್ರ ಅಡ್ಡಿ ಇದ್ದೋರು ಹೇಳ್ರಿ ಅಂತ ಕೇಳಿದ್ರು?”

“ಹೌದಬೇ.”

“ನನಗ ತಿಳಿಲಾರದ ಮಾತಿನಾಗ ಕೇಳಿದ್ರ ನಾ ಹ್ಯಾಂಗ ಹೇಳಲಿ? ಬರೋ ಐತಾರ ಕನ್ನಡದಾಗ ಕೇಳಂತ ಹೇಳು.”

“ಯಾಕಬೇ, ನಿನಗೇನರ ಅಡ್ಡಿ ಅದಾ?”

“ಅವರು ಕೇಳಲಿ. ಆಮ್ಯಾಲ ಹೇಳ್ತೀನಿ.”

ವೆಸ್ಟ್ರಿಯಲ್ಲಿ, ಎಂದರೆ ಪಾದ್ರಿಗಳು ನಿಲುವಂಗಿ ತೊಡುವ ಕೋಣೆಯಲ್ಲಿ, ಈ ಮಾತು ಇಟ್ಟೆ. ಡೆಸ್ಮಂಡ್ ಸಾಹೇಬರ ಹುಬ್ಬು ಮೇಲೇರಿತು. ಈ ಚರ್ಚಿನಲ್ಲಿ ಪ್ರಕಟಣೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಆಗಿಲ್ಲ ಎಂದರು. ಪಾದ್ರಿಗಳು ಚಹಾ ತರಿಸೋಣವೇ ಎಂದರು. ನಾನು ಸುಮ್ಮನಿರಬಹುದಿತ್ತು.

“ಸರ್, ಬೆಳಿಗ್ಗೆ ನೀವೇ ಹೇಳಿದಿರಲ್ಲ, ಜನರ ಭಾಷೆ ಅಂತ. ಅದನ್ನು ಬರೆದುಕೊಂಡಿದ್ದೇನೆ, ಓದಲೇ?”

ಸಾಹೇಬರಿಗೆ ಸಿಟ್ಟು ಬಂದಿತ್ತು. ಆದರೆ ತಾವೇ ಆಡಿದ ಮಾತನ್ನು ತಿರುಗಿಸುವ ಮನುಷ್ಯ ಅವರಲ್ಲ. “ಮೊದಲು ಇಂಗ್ಲಿಷ್. ಅದರ ಹಿಂದೆ ಕನ್ನಡ. ಒಂದು ಶಬ್ದ ಹೆಚ್ಚಿಲ್ಲ, ಒಂದು ಶಬ್ದ ಕಡಿಮೆಯಿಲ್ಲ” ಎಂದರು. ಓದುವ ಕೆಲಸ ನನ್ನ ಪಾಲಿಗೆ ಬಂತು.

ಎರಡನೆಯ ಭಾನುವಾರ. ಪಾದ್ರಿಗಳು ಓದಿದರು, ಯಾರೋ ಕೆಮ್ಮಿದರು. ನಾನು ಮುಂದೆ ಬಂದು ಕನ್ನಡದಲ್ಲಿ ಓದಿದೆ: ಇವರಿಬ್ಬರ ಮದುವೆ ನಡೆಯಬಾರದು ಎನ್ನಲು ಯಾರಿಗಾದರೂ ಕಾರಣ ಗೊತ್ತಿದ್ದರೆ ಈಗ ಹೇಳಿರಿ.

ಹೊಸಬರೇ, ಕೇಳಿ. ಪ್ರಶ್ನೆ ಅರ್ಥವಾದರೆ ಜನ ಉತ್ತರ ಕೊಡುತ್ತಾರೆ. ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಹಿಂದಿನಿಂದ ಒಬ್ಬ ಗೌಂಡಿ ಎದ್ದು ನಿಂತ. “ಅಡ್ಡಿ ಏನಿಲ್ರಿ. ಹುಡುಗ ಭಾಳ ಚಲೋ ಅದಾನ, ನಾ ನೋಡೀನಿ.”

ಅವನ ಹೆಂಡತಿ ಕೂತಲ್ಲಿಂದಲೇ, “ಮೀಸಿ ಜರಾ ಭಾಳಾತು” ಎಂದಳು.

“ಮೀಸಿ ಅಡ್ಡಿ ಅಲ್ಲಬೇ, ಬೋಳಿಸಿದ್ರ ಹೋಗ್ತದ” ಎಂದು ಇನ್ನೊಬ್ಬಳು.

ಮುಂದಿನ ಸಾಲಿನವರು ಏನಾಯಿತೆಂದು ಹಿಂದೆ ತಿರುಗಿದರು. ಎಸ್ತೇರ್ ಮುಖ ಮುಚ್ಚಿಕೊಂಡು ಬೆಂಚಿನ ಕೆಳಗೆ ಇಳಿಯುವಂತಿದ್ದಳು. ಪಾದ್ರಿಗಳು ನನ್ನ ಕಡೆ ನೋಡಿ “ಏನಂತೆ?” ಎಂದು ಮರಾಠಿಯಲ್ಲಿ ಪಿಸುಗುಟ್ಟಿದರು. ನಾನು ಅನುವಾದಿಸುವಷ್ಟರಲ್ಲಿ ಮಾರ್ಥವ್ವ ಎದ್ದಳು. ನಗು ನಿಂತಿತು.

“ನನ್ನದೊಂದು ಅಡ್ಡಿ ಅದರೀ ಅಯ್ಯನೋರೆ. ನನ್ನ ಮೊಮ್ಮಗಳು ದಿನಾ ಬಸ್ಸಿನಾಗ ಮಂದಿನ್ನ ಹತ್ತಸ್ತಾಳ, ಇಳಸ್ತಾಳ, ಯಾರ ಕೈಯಾಗೂ ಮಾತು ಅನಿಸ್ಕೊಂಡಿಲ್ಲ. ಲಗ್ನ ಆದಮ್ಯಾಲ ಕೆಲಸಾ ಬಿಡಬೇಕಂತ ಬೀಗರು ಅಂದಾರ. ಅಕಿ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಅಕಿನ್ನ ಯಾರೂ ಕೇಳೇ ಇಲ್ಲ. ಇದು ಅಡ್ಡಿ ಹೌದೋ ಅಲ್ಲೋ, ನೀವೇ ಹೇಳ್ರಿ.”

ಹೇಳಿ ಕೂತಳು.

ಇದನ್ನು ಮರಾಠಿಗೆ ಮಾಡಿದೆ, ಪಾದ್ರಿಗಳು ಬೆವರಿದರು. ಇಂಗ್ಲಿಷಿಗೆ ಮಾಡಿದೆ, ಡೆಸ್ಮಂಡ್ ಸಾಹೇಬರು ಎದ್ದು ನಿಂತರು. ಬೈಯುತ್ತಾರೆ ಎಂದುಕೊಂಡೆ. ಅವರು “ಕೇಳಿಸಿಕೊಂಡಿದ್ದೇವೆ” ಎಂದಷ್ಟೇ ಹೇಳಿ ಕೂತರು.

ವೆಸ್ಟ್ರಿಯಲ್ಲಿ ಪಾದ್ರಿಗಳು ನಿಯಮ ತೆಗೆದು ಓದಿದರು. ಅಡ್ಡಿ ಎಂದರೆ ಹತ್ತಿರದ ರಕ್ತಸಂಬಂಧವಿರಬೇಕು, ಇಲ್ಲವೇ ಮೊದಲೇ ಮದುವೆಯಾಗಿರಬೇಕು, ಇಲ್ಲವೇ ಮದುವೆಯ ವಯಸ್ಸಿಗೆ ಬಂದಿರಬಾರದು. ಕಂಡಕ್ಟರ್ ಕೆಲಸ ಆ ಪಟ್ಟಿಯಲ್ಲಿಲ್ಲ. “ಅಜ್ಜಿಗೆ ನಾನು ಸಮಾಧಾನ ಹೇಳುತ್ತೇನೆ. ಮೂರನೆಯದನ್ನು ಇಂಗ್ಲಿಷಿನಲ್ಲಿ ಮೆಲ್ಲಗೆ ಓದಿ ಮುಗಿಸಿಬಿಡೋಣ” ಎಂದರು.

“ಆಗುವುದಿಲ್ಲ” ಎಂದರು ಡೆಸ್ಮಂಡ್ ಸಾಹೇಬರು. ನಾನು ಬೆರಗಾಗಿ ನೋಡಿದೆ. “ಫಾದರ್, ಅದು ಅಡ್ಡಿಯೋ ಅಲ್ಲವೋ ಆಮೇಲಿನ ಮಾತು. ಕೇಳಿದವರು ನಾವು. ನನ್ನ ಜನ್ಮದಲ್ಲಿ ಮೊದಲ ಸಲ ಒಬ್ಬರು ಉತ್ತರ ಕೊಟ್ಟಿದ್ದಾರೆ. ಉತ್ತರ ಬಂದರೆ ಎರಡೂ ಕಡೆಯವರನ್ನು ಕೂರಿಸಿ ಕೇಳಬೇಕು. ಕ್ರಮ ಅಂದರೆ ಕ್ರಮ. ಇಂದಾಪುರದವರನ್ನು ಕರೆಸಿ.”

ಅವರ ಕ್ರಮದ ಹುಚ್ಚಿನಿಂದ ನಾನು ಎಷ್ಟು ಸಲ ಬೈಸಿಕೊಂಡಿದ್ದೆನೋ ಲೆಕ್ಕವಿದೆ. ಆ ಹುಚ್ಚಿಗೆ ಕೈ ಮುಗಿದದ್ದು ಅದೊಂದೇ ಸಲ.

ಆದರೆ ಸಮಯ ಕಡಿಮೆಯಿತ್ತು. ನವೆಂಬರ್ ಕೊನೆಗೆ ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲ ಶುರುವಾಗುತ್ತದೆ. ಆಗ ನಮ್ಮ ಚರ್ಚಿನಲ್ಲಿ ಮದುವೆ ನಡೆಸುವುದಿಲ್ಲ. ಈ ತಿಂಗಳು ತಪ್ಪಿದರೆ ಬೇರೆ ಹುಡುಗಿಯನ್ನು ನೋಡುತ್ತೇವೆ ಎಂದು ದೇವಪುತ್ರಪ್ಪನವರು ಮೇಸ್ತ್ರಿಗೆ ಫೋನಿನಲ್ಲಿ ಹೇಳಿದ್ದರು.

ಆ ವಾರ ನಾನು ಬೇಕೆಂದೇ ಎಸ್ತೇರಳ ಬಸ್ಸು ಹಿಡಿದೆ. ಕೋಥರೂಡ ಸ್ಟ್ಯಾಂಡಿನಲ್ಲೇ ಬಸ್ಸು ತುಂಬಿತ್ತು. ಅವಳ ಸೀಟಿನ ಪಕ್ಕದಲ್ಲಿ ನಿಂತುಕೊಂಡೆ.

“ಅಜ್ಜಿ ನನ್ನ ಮಾನ ಕಳದಳಕ್ಕ” ಎಂದಳು. ತಕ್ಷಣ ತಲೆಯೆತ್ತಿ, “ಪುಢೇ ಚಲಾ, ಪುಢೇ ಚಲಾ! ದಾದಾ, ಬ್ಯಾಗ್ ಖಾಲೀ ಠೇವಾ!” ಎಂದು ಮರಾಠಿಯಲ್ಲಿ ಕೂಗಿದಳು, ಮುಂದೆ ನಡೆಯಿರಿ, ಬ್ಯಾಗು ಕೆಳಗಿಡಿ ಎಂದು. ಇಡೀ ಬಸ್ಸು ಎರಡು ಹೆಜ್ಜೆ ಮುಂದೆ ಹೋಯಿತು.

“ನಿನಗ ಕೆಲಸಾ ಬಿಡೋ ಮನಸ್ಸದ?”

“ಇಲ್ಲಕ್ಕ. ಮನ್ಯಾಗ ಕುಂತ್ರ ಹುಚ್ಚು ಹಿಡೀತದ ನನಗ.”

“ಹುಡುಗ ಬ್ಯಾಡಾ?”

ಅವಳು ಟಿಕೆಟ್ ಮಿಷನ್ನಿನ ಗುಂಡಿ ಒತ್ತಿದಳು, ಸುಮ್ಮನೆ. ಖಾಲಿ ಕಾಗದ ಬಂತು. “ಬೇಕಕ್ಕ. ಭಾಳ ಬೇಕು.”

“ಹಂಗಾದ್ರ ಫೋನ್ ಹಚ್ಚಿ ಅವನ್ನೇ ಕೇಳಬಾರದೇನು?”

“ಕೇಳಿದಮ್ಯಾಲ ಅವ ಕೆಲಸಾ ಬಿಡು ಅಂದ್ರ? ಈಗ ಅವ ಏನೂ ಅಂದಿಲ್ಲ. ಅಂದಿಲ್ಲ ಅನ್ನೋದೇ ನನ್ನ ಕೈಯಾಗ ಇರೋದು.” ಮತ್ತೆ ತಲೆಯೆತ್ತಿದಳು. “ಆಜೀ, ಉತರಾಯಚಂ ನಾ? ಹಳೂ, ಹಳೂ.” ಮುದುಕಿಯೊಬ್ಬಳ ಕೈ ಹಿಡಿದು ಇಳಿಸಿದಳು. ಊರಿಗೆಲ್ಲ ಕೇಳುವ ದನಿಯ ಹುಡುಗಿ ಒಂದು ಪ್ರಶ್ನೆಗೆ ಹೀಗೆ ಹೆದರಿದ್ದನ್ನು ಕಂಡು ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಮೂರನೆಯ ಭಾನುವಾರ ಇಂದಾಪುರದವರು ಮುಂಜಾನೆಯ ಬಸ್ಸಿಗೇ ಬಂದಿಳಿದರು. ಮೇಸ್ತ್ರಿಗೆ ಮಾತ್ರ ಸೈಟು ಬಿಟ್ಟು ಬರಲಾಗಲಿಲ್ಲ. ದೇವಪುತ್ರಪ್ಪನವರು ಬಿಳಿ ಅಂಗಿ, ಬಿಗಿದ ಮುಖ. ಸಾಮುವೇಲ ಮೀಸೆ ಕತ್ತರಿಸಿಕೊಂಡು ಬಂದಿದ್ದ, ಸುದ್ದಿ ಅಷ್ಟು ದೂರ ಹೋಗಿತ್ತು. ಆ ದಿನ ಉಪದೇಶಕ್ಕೆ ನಿದ್ದೆ ಮಾಡಿದವರ ಸಂಖ್ಯೆ ಸೊನ್ನೆ. ಎಲ್ಲರೂ ಪ್ರಕಟಣೆಗೆ ಕಾಯುತ್ತಿದ್ದರು.

ಪಾದ್ರಿಗಳು ಓದಿದರು. ಈ ಸಲ ಒಂದು ಕೆಮ್ಮೂ ಇಲ್ಲ. ನಾನು ಕನ್ನಡದಲ್ಲಿ ಓದಿ ಮುಗಿಸುವ ಮೊದಲೇ ದೇವಪುತ್ರಪ್ಪನವರು ಎದ್ದರು.

“ಇದೇನ್ರಿ ಇದು? ಮನಿ ಮಾತು ಮನ್ಯಾಗ ಆಡಬೇಕು. ಮೇಸ್ತ್ರಿ ಒಪ್ಪ್ಯಾರ, ನಾವು ಒಪ್ಪೀವಿ. ಗುಡಿಯಾಗ ನಿಂತು ನ್ಯಾಯ ಮಾಡೋದದ ಏನು?”

ಡೆಸ್ಮಂಡ್ ಸಾಹೇಬರು ಎದ್ದು ನಿಂತು, ತಮ್ಮ ಕ್ಯಾಂಪಿನ ಹಿಂದಿಯಲ್ಲಿ, ಬಹಳ ಮರ್ಯಾದೆಯಿಂದ ಹೇಳಿದರು: “ಭಾಯಿಸಾಹೇಬ್, ನ್ಯಾಯ ಮಾಡುವುದಿಲ್ಲ. ಪ್ರಶ್ನೆ ಕೇಳಿದ್ದೇವೆ. ಮದುವೆಯಾಗುವವರಿಬ್ಬರೂ ಇಲ್ಲೇ ಇದ್ದಾರೆ. ಅವರಲ್ಲಿ ಒಬ್ಬರ ಮಾತೂ ನಾವು ಇನ್ನೂ ಕೇಳಿಲ್ಲ.”

ಸಾಮುವೇಲ ಎದ್ದ. ತಂದೆಯ ಕಡೆ ನೋಡಲಿಲ್ಲ, ಪಾದ್ರಿಗಳ ಕಡೆಯೂ ನೋಡಲಿಲ್ಲ. ನಡುವಿನ ಹಾದಿಯ ಆಚೆ ಕೂತಿದ್ದ ಎಸ್ತೇರಳ ಕಡೆ ತಿರುಗಿದ.

“ನೀನೇ ಕೆಲಸಾ ಬಿಡ್ತೀನಿ ಅಂದೀದಿ ಅಂತ ಅಪ್ಪ ಹೇಳಿದ್ದ. ನಾ ಖರೇ ಅಂದ್ಕೊಂಡಿದ್ದೆ. ಈಗ ನೀ ಹೇಳು. ಏನಂತಿ?”

ಎಸ್ತೇರ್ ಏಳಲು ಹೊತ್ತು ಹಿಡಿಯಿತು. ಮಾರ್ಥವ್ವ ಅವಳನ್ನು ತಿವಿಯಲಿಲ್ಲ, ಎಬ್ಬಿಸಲಿಲ್ಲ, ತನ್ನ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂತಿದ್ದಳು. ಎಸ್ತೇರ್ ಎದ್ದಳು. ಬಾಯಿ ತೆರೆದಳು. ಬಂದದ್ದು ಬಸ್ಸಿನ ದನಿ.

“ಬಿಡಂಗಿಲ್ಲ!”

ಕಲ್ಲಿನ ಚರ್ಚು. ಆ ಮಾತು ಮೇಲಿನ ತೊಲೆಗಳಿಗೆ ಹೋಗಿ ಮತ್ತೆ ಕೆಳಗೆ ಬಂತು. ಅವಳೇ ಬೆಚ್ಚಿ ದನಿ ಇಳಿಸಿದಳು.

“ಕೆಲಸಾನೂ ಬಿಡಂಗಿಲ್ಲ. ನಿನ್ನೂ ಬಿಡಂಗಿಲ್ಲ.”

ಸಾಮುವೇಲನ ಮುಖ ಮೊದಲು ಕೆಂಪಾಯಿತು, ಆಮೇಲೆ ಅರಳಿತು. “ಅಷ್ಟೇನಾ? ಹಂಗಾದ್ರ ನಾನೇ ಬರ್ತೀನಿ. ಬದ್ಲಿಗಿ ಅರ್ಜಿ ಹಾಕ್ತೀನಿ. ಇಂದಾಪುರದಾಗ ಕೆಡೋ ಬಸ್ಸು ಪುಣೇದಾಗೂ ಕೆಡ್ತಾವ.”

ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು. ನಮ್ಮ ಚರ್ಚಿನಲ್ಲಿ ಆರಾಧನೆಯ ನಡುವೆ ಚಪ್ಪಾಳೆ ಇಲ್ಲ. ಡೆಸ್ಮಂಡ್ ಸಾಹೇಬರು ಅದನ್ನು ಕೇಳಿಸಿಕೊಳ್ಳಲಿಲ್ಲ ಎನ್ನುವಂತೆ ಹಾಡಿನ ಹಲಗೆ ನೋಡುತ್ತಿದ್ದರು.

ದೇವಪುತ್ರಪ್ಪನವರು ನಿಂತೇ ಇದ್ದರು. ಅವರು ಹೊರಟುಹೋಗುತ್ತಾರೋ ಎಂದು ಎಲ್ಲರ ಕಣ್ಣೂ ಅವರ ಮೇಲಿತ್ತು. ಅವರು ಮಗನನ್ನು ನೋಡಿದರು, ಎಸ್ತೇರಳನ್ನು ನೋಡಿದರು, ಕೊನೆಗೆ ಮಾರ್ಥವ್ವನನ್ನು ನೋಡಿದರು.

“ಸೊಸಿನ್ನ ಕರಕೊಂಡು ಹೋಗಬೇಕಂತ ಬಂದೆ. ಮಗನ್ನ ಕೊಟ್ಟು ಹೋಗಂಗಾತು” ಎಂದರು.

“ಪುಕ್ಕಟೆ ಕೊಡಬ್ಯಾಡ್ರಿ ಬೀಗರೆ” ಎಂದಳು ಮಾರ್ಥವ್ವ. “ತಿಂಗಳಿಗೊಮ್ಮೆ ಬಂದು ನೋಡಿ ಹೋಗ್ರಿ. ನಾ ರೊಟ್ಟಿ ಮಾಡ್ತೀನಿ, ದಪ್ಪಂದು.”

ದೇವಪುತ್ರಪ್ಪನವರು ನಗಬಾರದೆಂದು ತುಟಿ ಬಿಗಿ ಹಿಡಿದರು, ಆಗಲಿಲ್ಲ. ಕೂತುಬಿಟ್ಟರು. ಪಾದ್ರಿಗಳು ದೊಡ್ಡ ಉಸಿರು ಬಿಟ್ಟು ಮುಂದಿನ ಪ್ರಾರ್ಥನೆಗೆ ಪುಟ ತಿರುಗಿಸಿದರು. ಆ ದಿನ ಚಹಾ ತರಿಸಿದ್ದು ಅವರಲ್ಲ, ಡೆಸ್ಮಂಡ್ ಸಾಹೇಬರು. ತಾವೇ ಲೋಟ ಹಿಡಿದು ದೇವಪುತ್ರಪ್ಪನವರ ಬಳಿಗೆ ಹೋದರು. ಒಬ್ಬರು ರೈಲಿನವರು, ಇನ್ನೊಬ್ಬರ ಮನೆ ಬಸ್ಸಿನದು. ಯಾವುದು ಹೆಚ್ಚು ತಡವಾಗಿ ಬರುತ್ತದೆ ಎಂದು ಅರ್ಧ ಗಂಟೆ ಚರ್ಚೆ ನಡೆಯಿತು.

ಆಗಮನ ಕಾಲಕ್ಕೆ ಮುಂಚಿನ ಗುರುವಾರ ಮದುವೆ. ಬಿಳಿ ಹೊದಿಕೆ ಹಾಸಿ, ಹೂವಿಟ್ಟು, ಗಂಟೆ ಹೊಡೆದೆ. ಭುಜ ಆಗಲೇ ನೋಯುತ್ತಿತ್ತು, ಆದರೂ ಆ ದಿನ ಹಗ್ಗ ಬಿಡಲು ಮನಸ್ಸಾಗಲಿಲ್ಲ. ಬಸ್ಸಿನ ಡ್ರೈವರುಗಳು, ಕಂಡಕ್ಟರುಗಳು ಖಾಕಿಯಲ್ಲೇ ಬಂದು ಎರಡು ಬೆಂಚು ತುಂಬಿದ್ದರು. ಎಣಿಸಲು ಶುರುಮಾಡಿ ಬಿಟ್ಟುಬಿಟ್ಟೆ. ಹೊರಗೆ ಅಂಗಳದಲ್ಲಿ ಅಡುಗೆಯಾಗುತ್ತಿತ್ತು, ಒಗ್ಗರಣೆಯ ವಾಸನೆ ಮೇಜಿನವರೆಗೂ ಬರುತ್ತಿತ್ತು.

ಹಳೆಯ ಕ್ರಮದಲ್ಲಿ ಒಂದು ಸಂಗತಿ ಇದೆ. ಮೂರು ಭಾನುವಾರ ಕೇಳಿದ್ದು ಸಾಲದೆಂದು ಮದುವೆಯ ದಿನವೂ, ಹುಡುಗ ಹುಡುಗಿ ಎದುರು ನಿಂತಿರುವಾಗ, ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬೇಕು. ಪಾದ್ರಿಗಳು ಡೆಸ್ಮಂಡ್ ಸಾಹೇಬರ ಕಡೆ ನೋಡಿದರು, ಬಿಟ್ಟುಬಿಡಲೇ ಎನ್ನುವ ಹಾಗೆ. ಸಾಹೇಬರು ಇಲ್ಲ ಎಂದು ತಲೆಯಾಡಿಸಿ, ನನಗೆ ಕೈ ಮಾಡಿದರು. ಪಾದ್ರಿಗಳು ಇಂಗ್ಲಿಷಿನಲ್ಲಿ ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

ಇಡೀ ಚರ್ಚು, ಮುಂದಿನ ಸಾಲಿನ ಇಂಗ್ಲಿಷಿನವರಿಂದ ಹಿಡಿದು ಖಾಕಿಯವರವರೆಗೆ, ಕತ್ತು ತಿರುಗಿಸಿ ಮಾರ್ಥವ್ವನನ್ನು ನೋಡಿತು. ಎಸ್ತೇರಳೂ ಮುಸುಕಿನೊಳಗಿಂದ ತಿರುಗಿದಳು.

ಮಾರ್ಥವ್ವ ಸೆರಗು ಸರಿಮಾಡಿಕೊಂಡು ಎಲ್ಲರನ್ನೂ ಒಮ್ಮೆ ನೋಡಿದಳು.

“ನನ್ನ ಕಡಿ ಯಾಕ ನೋಡ್ತೀರಿ? ಕೇಳೋದು ಕೇಳಿ ಆತು, ಹೇಳೋದು ಹೇಳಿ ಆತು. ಅಯ್ಯನೋರೆ, ಲಗೂನ ಉಂಗುರಾ ಹಾಕಸ್ರಿ. ಅನ್ನ ಆರಲತ್ತದ.”

ನಾನು ಇದನ್ನು ಇಂಗ್ಲಿಷಿಗೆ ಮಾಡಲು ಬಾಯಿ ತೆರೆದೆ. “ಬೇಡ” ಎಂದರು ಡೆಸ್ಮಂಡ್ ಸಾಹೇಬರು. “ತಿಳಿಯಿತು.”